ರೋರಾ: ತಟ್ಟೆ ಮೇಲಿನ ದುಡ್ಡು, ಕೈಗೆ ಸಿಗದ ಕಾಗದ

ಜಿಂಬಾಬ್ವೆಯ ಶೋನಾ ಮನೆಗಳಲ್ಲಿ ಮದುವೆ ಆಯಿತು ಅಂದರೆ ರೋರಾ ಆಯಿತು ಎಂದೇ ಅರ್ಥ. ಚರ್ಚು, ಬಿಳಿ ಗೌನು, ಸಹಿ ಎಲ್ಲ ಆಮೇಲಿನ ಮಾತು. ಎಷ್ಟೋ ಜೋಡಿಗಳ ಪಾಲಿಗೆ ಆ ‘ಆಮೇಲೆ’ ಬರುವುದೇ ಇಲ್ಲ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಹಣ, ದನ, ಬಟ್ಟೆ, ದಿನಸಿ ಕೊಟ್ಟು ಬೀಗತನ ಕಟ್ಟಿಕೊಳ್ಳುವ ಕ್ರಮ ಇದು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ‘ತೆರ’. ದೇಶದ ಪಶ್ಚಿಮಕ್ಕೆ, ಬುಲವಾಯೊ ಸುತ್ತಮುತ್ತಲಿನ ಎನ್‌ಡೆಬೆಲೆ ಜನ ಇದನ್ನು ಲೊಬೊಲಾ ಅನ್ನುತ್ತಾರೆ. ಅವರ ಕ್ರಮ ಬೇರೆ, ಹಾಗಾಗಿ ಇಲ್ಲಿ ಹೇಳುವುದೆಲ್ಲ ಶೋನಾ ಪದ್ಧತಿಯದು. ಶೋನಾದೊಳಗೂ ಕಾರಾಂಗಾ, ಜೆಜುರು, ಮನ್ಯಿಕಾ ಎಂದು ಕವಲುಗಳಿವೆ. ಒಬ್ಬರಲ್ಲಿ ಮೊದಲು ಬರುವುದು ಇನ್ನೊಬ್ಬರಲ್ಲಿ ಕೊನೆಗೆ ಬರಬಹುದು.

ಇದನ್ನು ಹೆಣ್ಣು ಕೊಳ್ಳುವ ವ್ಯಾಪಾರ ಎಂದು ಬೈಯುವವರು ಇದ್ದಾರೆ, ಎರಡು ಕುಲಗಳನ್ನು ಬೆಸೆಯುವ ಚೆಂದದ ಸಂಪ್ರದಾಯ ಎಂದು ಹೊಗಳುವವರೂ ಇದ್ದಾರೆ. ರೋರಾದಲ್ಲಿ ಏನೇನು ಕೊಡಬೇಕು ಎಂದು ಬರೆದ ಪಟ್ಟಿಯನ್ನು ಇಬ್ಬರೂ ಸಾಲು ಸಾಲಾಗಿ ಓದುವುದಿಲ್ಲ ಅನ್ನುವುದು ನನ್ನ ತಕರಾರು. ಯಾವ ಸಾಲಿನ ದುಡ್ಡು ಯಾರ ಕೈ ಸೇರುತ್ತದೆ, ಮದುಮಗಳು ಯಾವ ಗಳಿಗೆಯಲ್ಲಿ ಬಾಯಿ ತೆರೆಯುತ್ತಾಳೆ, ಸಂಜೆಗೆ ಲೆಕ್ಕದ ಪುಸ್ತಕ ಯಾರ ಪೆಟ್ಟಿಗೆಗೆ ಹೋಗುತ್ತದೆ: ಈ ಮೂರನ್ನು ಹಿಡಿದು ನೋಡಿದರೆ ಹೆಣ್ಣಿಗೆ ಇದರಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಾಗುತ್ತದೆ.

ಶುರುವಾಗುವುದು ತೆತೆಯಿಂದ. ತೆತೆ ಅಂದರೆ ಸೋದರತ್ತೆ, ಅಪ್ಪನ ತಂಗಿ ಅಥವಾ ಅಕ್ಕ. ಹುಡುಗಿ ತನ್ನ ಮನಸ್ಸಿನಲ್ಲಿರುವವನ ವಿಷಯವನ್ನು ಅಪ್ಪನ ಮುಂದೆ ಹೇಳುವಂತಿಲ್ಲ, ಅಮ್ಮನ ಮುಂದೆಯೂ ನೇರ ಹೇಳುವುದಿಲ್ಲ, ತೆತೆಗೆ ಹೇಳುತ್ತಾಳೆ. ತೆತೆ ಹುಡುಗನನ್ನು ನೋಡಿ, ಅವನ ಮುತುಪೋ ಯಾವುದು ಎಂದು ವಿಚಾರಿಸುತ್ತಾಳೆ. ಮುತುಪೋ ಅಂದರೆ ಕುಲದ ಗುರುತು: ಸಿಂಹ, ಕೋತಿ, ಜೀಬ್ರಾ, ಹೀಗೆ. ಒಂದೇ ಮುತುಪೋದವರು ಒಡಹುಟ್ಟಿದವರಂತೆ, ಅವರ ನಡುವೆ ಮದುವೆ ಕೂಡದು. ಇಷ್ಟು ಸರಿಯಿದ್ದರೆ ತೆತೆಯೇ ವಿಷಯವನ್ನು ಮನೆಯ ಹಿರಿಯರ ಕಿವಿಗೆ ಮುಟ್ಟಿಸುತ್ತಾಳೆ. ಮುಂದೆ ಗಂಡ ಹೊಡೆದರೂ, ಬಿಟ್ಟು ಹೋದರೂ, ಸತ್ತರೂ ಈ ಹೆಂಗಸೇ ಸಾಕ್ಷಿ. ನಗರದ ಎಷ್ಟೋ ಹುಡುಗಿಯರು ತೆತೆಯನ್ನು ಹಳೇ ಕಾಲದವಳೆಂದು ಪಕ್ಕಕ್ಕಿಟ್ಟು ಗೆಳತಿಯರನ್ನೇ ನೆಚ್ಚುತ್ತಾರೆ. ಪದ್ಧತಿಯಲ್ಲಿ ಗೆಳತಿಯ ಮಾತಿಗೆ ತೂಕವಿಲ್ಲ, ತೆತೆಯ ಮಾತಿಗೆ ಇದೆ.

ಗಂಡಿನ ಕಡೆಯಿಂದ ಮಾತಾಡುವವನು ಮುನ್ಯಾಯಿ, ಅಂದರೆ ಮಧ್ಯಸ್ಥ. ಮದುಮಗ ಚೌಕಾಸಿಗೆ ಕೂರುವುದಿಲ್ಲ. ಹೊರಗೆಲ್ಲೋ ಕಾರಿನಲ್ಲಿ ಅಥವಾ ಪಕ್ಕದ ಮನೆಯಲ್ಲಿ ಕಾಯುತ್ತಾನೆ. ಮುನ್ಯಾಯಿಗೆ ತಾಳ್ಮೆ ಇರಬೇಕು, ಬೈಸಿಕೊಂಡರೂ ನಗುವ ಮುಖ ಇರಬೇಕು, ಚಪ್ಪಾಳೆಯ ರೀತಿ ಗೊತ್ತಿರಬೇಕು. ಗಂಡಸರು ಎರಡೂ ಅಂಗೈ ಚಪ್ಪಟೆಯಾಗಿ ಹಿಡಿದು, ಬೆರಳಿಗೆ ಬೆರಳು ಸೇರುವಂತೆ ತಟ್ಟುತ್ತಾರೆ. ಹೆಂಗಸರು ಅಂಗೈಗಳನ್ನು ಬೊಗಸೆಯಂತೆ ಬಾಗಿಸಿ ಅಡ್ಡಡ್ಡ ತಟ್ಟುತ್ತಾರೆ. ಪ್ರತಿ ಮಾತಿನ ಮುಂದೆಯೂ ಹಿಂದೆಯೂ ಇದು ಆಗಬೇಕು. ಮರೆತರೆ ದಂಡ. ತಡವಾಗಿ ಬಂದರೆ ದಂಡ, ಟೋಪಿ ತೆಗೆಯದಿದ್ದರೆ ದಂಡ, ಹೇಳುವ ಮೊದಲೇ ಕುರ್ಚಿಯಲ್ಲಿ ಕೂತರೆ ದಂಡ. ಮೊತ್ತ ಸಣ್ಣದು, 1 ಡಾಲರು, 5 ಡಾಲರು. ಅದಕ್ಕೇ ಮುನ್ಯಾಯಿ ಜೇಬಿನಲ್ಲಿ ಚಿಲ್ಲರೆ ನೋಟುಗಳ ಕಟ್ಟು ಬೇರೆಯಾಗಿ ಇಟ್ಟುಕೊಂಡಿರಬೇಕು. ಜಿಂಬಾಬ್ವೆಯಲ್ಲಿ ಸಣ್ಣ ಅಮೆರಿಕನ್ ನೋಟು ಸಿಗುವುದು ಕಷ್ಟ, ಸಿಕ್ಕವೂ ಕೈಯಿಂದ ಕೈಗೆ ದಾಟಿ ಹಣ್ಣಾಗಿರುತ್ತವೆ. ಹರಿದ ನೋಟನ್ನು ತಟ್ಟೆಯ ಮೇಲಿಟ್ಟರೆ ಹಿರಿಯರು ಅದನ್ನು ಅವಮಾನವೆಂದು ತೆಗೆದುಕೊಂಡು ಇನ್ನೊಂದು ದಂಡ ಹಾಕುತ್ತಾರೆ. ವಾರ ಮೊದಲೇ ಗಟ್ಟಿ ನೋಟು ಕೂಡಿಹಾಕಿಕೊಳ್ಳದ ಮುನ್ಯಾಯಿಗೆ ಆ ದಿನ ಅರ್ಧ ಮಧ್ಯಾಹ್ನ ನೋಟು ಬದಲಿಸುವುದರಲ್ಲೇ ಕಳೆಯುತ್ತದೆ.

ಎಲ್ಲ ದುಡ್ಡೂ ಇಳಿಯುವುದು ಒಂದು ಮರದ ತಟ್ಟೆಯ ಮೇಲೆ, ಎನ್‌ಡಿರೊ ಅದರ ಹೆಸರು. ಆ ತಟ್ಟೆ ಹೊರಗೆ ಬರುವುದಕ್ಕೂ ಒಂದು ಕಾಣಿಕೆ ಉಂಟು. ಮೊದಲ ದೊಡ್ಡ ಸಾಲು ವುರಾಮುರೋಮೊ, ‘ಬಾಯಿ ತೆರೆಸುವುದು’: ಹೆಣ್ಣಿನ ಹಿರಿಯರು ಮಾತು ಶುರು ಮಾಡಲು ಕೊಡುವ ಹಣ. ಆಮೇಲೆ ಮಾಕಾಂಡಿನ್ಜ್ವಾನೆನಿ, ‘ನನ್ನ ಮನೆಯಲ್ಲಿ ಮಗಳಿದ್ದಾಳೆಂದು ನಿಮಗೆ ಹೇಳಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರವಾಗಿ ಕೊಡುವುದು. ತಂದೆಯ ಪಾಲಿಗೆ ಮಾತೆಕೆನ್ಯಾಂಡೆಬ್ವು, ‘ಗಡ್ಡ ಕೆದಕಿದ್ದಕ್ಕೆ’: ಮಗಳು ಮಗುವಾಗಿದ್ದಾಗ ತೊಡೆಯೇರಿ ಗಡ್ಡ ಎಳೆದಾಡಿದ ನೆನಪಿಗೆ. ತಾಯಿಯ ಪಾಲಿಗೆ ಮಾಫುಕಿಡ್ಜಾಡುಂಬು, ‘ಹೊಟ್ಟೆ ಹೊದಿಸಿದ್ದಕ್ಕೆ’: ಹೊತ್ತ ಬಸಿರಿಗೆ ಸಲ್ಲುವ ಗೌರವ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಬಟ್ಟೆಗೂ ಒಂದು ಸಾಲು ಇರುತ್ತದೆ. ಹೆಸರುಗಳನ್ನು ಕೇಳಿದರೇ ತಿಳಿಯುತ್ತದೆ, ಇವು ಬೆಲೆಯ ಹೆಸರುಗಳಲ್ಲ, ಸಾಕಿದ ಕೆಲಸದ ಹೆಸರುಗಳು. ನನಗೆ ಈ ಪಟ್ಟಿಯಲ್ಲಿ ಅತ್ಯಂತ ಮಾನವೀಯ ಅನ್ನಿಸುವುದು ಈ ಸಣ್ಣ ಸಾಲುಗಳೇ.

ಇವು ಮುಗಿಯುವ ಹೊತ್ತಿಗೆ ಮದುಮಗಳನ್ನು ಕರೆಯುತ್ತಾರೆ. ಕವಲಿಗೆ ತಕ್ಕಂತೆ ಇದು ಸ್ವಲ್ಪ ಮುಂಚೆಯೂ ಆಗಬಹುದು. ಅವಳು ಬಂದು ಮಂಡಿಯೂರಿ ಕೂರುತ್ತಾಳೆ. ‘ಈ ಜನ ನಿನಗೆ ಗೊತ್ತೇ? ಇವರ ದುಡ್ಡು ನಾವು ಮುಟ್ಟಬಹುದೇ?’ ಎಂದು ಹಿರಿಯರು ಕೇಳುತ್ತಾರೆ. ಗೊತ್ತು ಎಂದು ಹೇಳಿ ಅವಳು ತಟ್ಟೆಯಿಂದ ಒಂದಷ್ಟು ನೋಟು ಎತ್ತಿಕೊಳ್ಳುತ್ತಾಳೆ. ಇದಕ್ಕೆ ಕುನ್ಹೊಂಗಾ, ಅಂದರೆ ಎತ್ತಿಕೊಳ್ಳುವುದು, ಎಂದು ಹೆಸರು. ಎತ್ತಿಕೊಂಡದ್ದು ಅವಳದೇ, ತಂಗಿಯರಿಗೆ ಹಂಚಿ ತನ್ನ ಮನೆಯ ಪಾತ್ರೆಪಗಡಕ್ಕೆ ಉಳಿಸಿಕೊಳ್ಳುತ್ತಾಳೆ. ಇಡೀ ದಿನದಲ್ಲಿ ಅವಳ ದನಿ ಸಭೆಗೆ ಕೇಳುವ ಗಳಿಗೆ ಇದೊಂದೇ. ಅವಳು ಎತ್ತಿಕೊಳ್ಳದಿದ್ದರೆ ಮುಂದಿನ ಮಾತಿಗೆ ದಾರಿಯಿಲ್ಲ. ಇದು ಬರಿಯ ಶಾಸ್ತ್ರವಾಗಿ ಹೋಗುವ ಅಪಾಯವೂ ಇದೆ: ಅತಿಥಿಗಳೆಲ್ಲ ಬಂದು ಕೂತು, ಅಡುಗೆ ಬೆಂದು, ಫೋಟೋದವನು ಕ್ಯಾಮೆರಾ ಎತ್ತಿದ ಮೇಲೆ ‘ಗೊತ್ತಿಲ್ಲ’ ಅನ್ನುವ ಧೈರ್ಯ ಯಾವ ಹುಡುಗಿಗೆ ಬಂದೀತು? ಒಳ್ಳೆಯ ತೆತೆ ಇದೇ ಪ್ರಶ್ನೆಯನ್ನು ಹಿಂದಿನ ರಾತ್ರಿ, ಬಾಗಿಲು ಮುಚ್ಚಿ, ಒಬ್ಬಳೇ ಇದ್ದಾಗ ಕೇಳಿರುತ್ತಾಳೆ. ಕೇಳದ ಮನೆಯಲ್ಲಿ ಕುನ್ಹೊಂಗಾಕ್ಕೆ ಅರ್ಥ ಅಷ್ಟಕ್ಕಷ್ಟೇ.

ಆಮೇಲೆ ರುಸಾಂಬೊ, ತಂದೆಗೆ ಸಲ್ಲುವ ದೊಡ್ಡ ಮೊತ್ತ. ಚೌಕಾಸಿ ಬಿಸಿಯಾಗುವುದು ಇಲ್ಲೇ. ಹುಡುಗಿ ಎಷ್ಟು ಓದಿದ್ದಾಳೆ, ಕೆಲಸ ಯಾವುದು, ಮೊದಲೇ ಮಗುವಿದೆಯೇ ಎಂಬುದೆಲ್ಲ ಅಂಕೆಯ ಮೇಲೆ ಪ್ರಭಾವ ಬೀರುತ್ತದೆ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಪದವಿ ಓದಿದ ಮಗಳಿಗೆ ಹೆಚ್ಚು ಕೇಳುವ ತಂದೆ ‘ಓದಿಸಿದ ಖರ್ಚು’ ಎನ್ನುತ್ತಾನೆ. ಗಂಡನ ಮನೆಯಲ್ಲಿ ಅದೇ ಅಂಕೆ ‘ನಿನಗೆ ಇಷ್ಟು ಕೊಟ್ಟಿದ್ದೇನೆ’ ಎಂಬ ಮಾತಾಗಿ ವಾಪಸು ಬರುತ್ತದೆ. ಹಳೆಯ ಕಾಲದಲ್ಲಿ ಗುದ್ದಲಿಯ ಅಲಗುಗಳನ್ನೂ ರೋರಾವಾಗಿ ಕೊಡುತ್ತಿದ್ದರು. ಬೇಸಾಯ ಮಾಡುವ ಕೈ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಕೂಲಿಯ ನಗದು ಬಂದ ಮೇಲೆ ಅಂಕೆಗೆ ಮೇಲಿನ ಮಿತಿಯೇ ಇಲ್ಲದಾಯಿತು. 2008ರಲ್ಲಿ ಜಿಂಬಾಬ್ವೆ ಡಾಲರು ಪೂರ್ತಿ ಕುಸಿದು, 2009ರಲ್ಲಿ ವಿದೇಶಿ ಹಣ ಅಧಿಕೃತವಾದ ಮೇಲೆ ರೋರಾ ಅಮೆರಿಕನ್ ಡಾಲರಿನಲ್ಲಿ ನೆಲೆ ನಿಂತಿತು. 2024ರ ಏಪ್ರಿಲ್‌ನಲ್ಲಿ ಜಿಗ್ ಎಂಬ ಹೊಸ ದೇಶೀ ಹಣ ಬಂದರೂ ತಟ್ಟೆಯ ಮೇಲೆ ಡಾಲರೇ.

ರುಸಾಂಬೊ ಒಂದೇ ಏಟಿಗೆ ತೀರಿಸುವುದಲ್ಲ. ಇದನ್ನು ತಿಳಿಯದೆ ಪೂರ್ತಿ ದುಡ್ಡು ತಂದು ಸುರಿಯುವ ಅಳಿಯನನ್ನು ಹಿರಿಯರು ಮೆಚ್ಚುವುದಿಲ್ಲ, ‘ನಮ್ಮ ಜೊತೆ ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಲು ಬಂದಿದ್ದೀಯಾ’ ಅನ್ನುತ್ತಾರೆ. ಬಾಕಿ ಇದ್ದಷ್ಟು ಕಾಲ ಬರುಹೋಗು ಇರುತ್ತದೆ ಎಂಬುದು ಅದರ ತರ್ಕ. ‘ಮುಕುವಾಶ ಮುವೊಂಡೆ, ಹಾಪೆರಿ ಕುಡ್ಯಿವಾ’ ಎಂದು ಗಾದೆ: ಅಳಿಯ ಅತ್ತಿಮರ, ಎಷ್ಟು ತಿಂದರೂ ಮುಗಿಯದು. ಬಾಕಿಯ ಈ ಪದ್ಧತಿ ಬೀಗತನಕ್ಕೆ ಒಳ್ಳೆಯದು. ಮದುವೆ ನೋಂದಣಿಗೆ ಇದೇ ಮುಳುವು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಡಾಂಗಾ ಅಂದರೆ ದನದ ಹಟ್ಟಿ, ಅಂದರೆ ಕೊಡಬೇಕಾದ ದನಗಳು. ಊರುಗಳಲ್ಲಿ ಇನ್ನೂ ದನವನ್ನೇ ಹೊಡೆದುಕೊಂಡು ಬರುತ್ತಾರೆ. ಹರಾರೆಯಲ್ಲಿ ಒಂದು ದನಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ನಗದು ಕೊಡುತ್ತಾರೆ. ಆದರೆ ಒಂದು ಹಸುವಿನ ಮಟ್ಟಿಗೆ ಕಟ್ಟುನಿಟ್ಟಾದ ಮನೆಗಳು ನಗದು ಒಪ್ಪುವುದಿಲ್ಲ. ಅದು ಮೊಂಬೆ ಯೆ ಉಮಾಯಿ, ತಾಯ್ತನದ ಹಸು. ಇದು ಜೀವಂತವಾಗಿ, ನಾಲ್ಕು ಕಾಲ ಮೇಲೆ ನಡೆದು ಬರಬೇಕು, ಹೆಣ್ಣಾಗಿರಬೇಕು, ಈಯುವ ವಯಸ್ಸಿನದಾಗಿರಬೇಕು. ಮುದಿ ಹಸು ತಂದರೆ, ಬಂಜೆ ಹಸು ತಂದರೆ ಹಿಂದಕ್ಕೆ ಕಳಿಸುತ್ತಾರೆ. ಇದು ತಾಯಿಗೇ ಸೇರಿದ್ದು, ಕರುಗಳೂ ಅವಳವೇ. ಅವಳ ತವರಿನ ಹಿರಿಯರ ಆತ್ಮಗಳಿಗೆ ಸಂದ ಗೌರವ ಎಂಬ ನಂಬಿಕೆ. ಕೊಡದೆ ತಪ್ಪಿಸಿದರೆ, ಅಥವಾ ತಂದೆಯೇ ಮಾರಿ ತಿಂದರೆ, ತಾಯಿ ಕಡೆಯ ಆತ್ಮಗಳು ಮುನಿದು ಮಗಳ ಬಸಿರಿಗೆ, ಮಕ್ಕಳಿಗೆ ತೊಂದರೆ ಎಂದು ಹೆದರುತ್ತಾರೆ. ಆ ಹೆದರಿಕೆ ಒಂದು ಆಸ್ತಿ ಹಕ್ಕನ್ನು ತಲೆಮಾರುಗಳ ಕಾಲ ಕಾಪಾಡಿತು ಅನ್ನುವುದನ್ನು ಗಮನಿಸಬೇಕು. ಶೋನಾ ಪದ್ಧತಿಯಲ್ಲಿ ಹೆಂಗಸು ‘ಇದು ನನ್ನದು’ ಎನ್ನಬಹುದಾದ ಆಸ್ತಿ ಎರಡೇ ಬಗೆಯದು: ಒಂದು ಮಗಳ ಮದುವೆಯಿಂದ ಬಂದ ಉಮಾಯಿ ಆಸ್ತಿ, ಇನ್ನೊಂದು ಮಾವೊಕೊ, ಅಂದರೆ ಕೈಗಳ ಆಸ್ತಿ: ಮಡಕೆ ಮಾಡಿ, ಸೂಲಗಿತ್ತಿತನ ಮಾಡಿ, ಔಷಧಿ ಕೊಟ್ಟು ಗಳಿಸಿದ್ದು. ನಗರದಲ್ಲಿ ಉಮಾಯಿ ಹಸುವನ್ನೂ ನಗದಿಗೆ ಇಳಿಸಿ, ಆ ನಗದು ಅಪ್ಪನ ಜೇಬಿನಲ್ಲೇ ಉಳಿದುಬಿಡುವುದು ಹೆಚ್ಚಾಗಿದೆ. ನಗದೇ ಆಗಬೇಕಾದರೆ ಅದು ತಾಯಿಯ ಕೈಗೆ, ಬೇರೆ ಸಾಲಾಗಿ, ತಾಯಿಯ ಹೆಸರು ಬರೆದು ಸಲ್ಲಬೇಕು. ಇಲ್ಲದಿದ್ದರೆ ‘ಒಟ್ಟು ಮೊತ್ತ’ ಎಂಬ ಸಾಲಿನಲ್ಲಿ ಕರಗಿಹೋಗುತ್ತದೆ.

ಬಟ್ಟೆ, ದಿನಸಿಯ ವಿಷಯ ಚುಟುಕಾಗಿ ಮುಗಿಸಬಹುದು. ಮಾಜಾಸಿ ಅಂದರೆ ಅಪ್ಪ ಅಮ್ಮನಿಗೆ ಉಡುಗೆ: ಅಪ್ಪನಿಗೆ ಸೂಟು, ಅಂಗಿ, ಟೈ, ಶೂ, ಟೋಪಿ, ಅಮ್ಮನಿಗೆ ಉಡುಪು, ಶೂ, ತಲೆವಸ್ತ್ರ, ಕಂಬಳಿ. ಅಳತೆ ಬರೆಯದ ಪಟ್ಟಿಯಿಂದ ಜಗಳ ಖಂಡಿತ. ಶೂ ನಂಬರು, ಸೊಂಟದ ಅಳತೆ, ಕಾಲಿನ ಉದ್ದ ಪಟ್ಟಿಯಲ್ಲೇ ಇರಲಿ, ಅಂಗಡಿಯ ರಸೀದಿಯೂ ಜೊತೆಗಿರಲಿ. ದಿನಸಿಯಲ್ಲಿ ಸಕ್ಕರೆ, ಅಕ್ಕಿ, ಮೈದಾ, ಮೆಕ್ಕೆಜೋಳದ ಹಿಟ್ಟು, ಅಡುಗೆ ಎಣ್ಣೆ, ಉಪ್ಪು, ಚಹಾಪುಡಿ, ಸೋಪು, ಮಜೋವೆ ಕಿತ್ತಳೆ ಶರಬತ್ತು ಇರುತ್ತವೆ. ಪಟ್ಟಿಯಲ್ಲಿ ‘ಅಕ್ಕಿ’ ಎಂದಷ್ಟೇ ಇದ್ದರೆ ಸಾಲದು, ಎಷ್ಟು ಕೆಜಿಯ ಎಷ್ಟು ಚೀಲ ಎಂದೂ ಇರಬೇಕು. ದಿನಸಿಯನ್ನು ಒಂದೊಂದಾಗಿ ಎಣಿಸಿ ಒಳಗಿಟ್ಟುಕೊಳ್ಳುವವರು ಹೆಣ್ಣಿನ ಕಡೆಯ ಹೆಂಗಸರು, ಅವರ ಕಣ್ಣಿಗೆ ಒಂದು ಸೋಪೂ ತಪ್ಪುವುದಿಲ್ಲ.

ಇಷ್ಟೆಲ್ಲ ಮಾತುಕತೆಗೆ ಮುಂಚೆಯೇ ಹುಡುಗಿ ಬಸಿರಾಗಿದ್ದರೆ, ಅಥವಾ ಹುಡುಗನ ಮನೆಗೆ ಹೋಗಿಬಿಟ್ಟಿದ್ದರೆ, ‘ಡ್ಯಾಮೇಜ್’ ಎಂಬ ದಂಡದ ಸಾಲು ಸೇರುತ್ತದೆ. ಶೋನಾ ಮಾತಿನ ನಡುವೆಯೂ ಇಂಗ್ಲಿಷ್ ಪದವೇ ಚಾಲ್ತಿ. ಓಡಿಹೋದ ಪ್ರಸಂಗದಲ್ಲಿ ಹುಡುಗನ ಮನೆಯವರು ತಡಮಾಡದೆ ‘ತ್ಸ್ವಾಕಿರಾಯಿ ಕುನೊ’ ಕಳಿಸಬೇಕು. ‘ಈ ಕಡೆ ಹುಡುಕಿ’ ಎಂದು ಅದರ ಅರ್ಥ: ನಿಮ್ಮ ಮಗಳು ನಮ್ಮಲ್ಲಿದ್ದಾಳೆ, ಕ್ಷೇಮ, ಬೇರೆಡೆ ಹುಡುಕಬೇಡಿ ಎಂಬ ಸುದ್ದಿ, ಜೊತೆಗೆ ಒಂದಿಷ್ಟು ಹಣ. ಒಯ್ಯುವ ಮುನ್ಯಾಯಿ ಹಿಂದೆಲ್ಲ ಸುದ್ದಿ ಕೂಗಿ ಹೇಳಿ ಓಟ ಕೀಳುತ್ತಿದ್ದ, ನಿಂತರೆ ಹೊಡೆತ ಬೀಳುತ್ತಿತ್ತು. ಬಹಳ ಮದುವೆಗಳು ಈ ಹಂತದಲ್ಲೇ ನಿಂತುಹೋಗುತ್ತವೆ. ತ್ಸ್ವಾಕಿರಾಯಿ ಕುನೊ ಹೋಯಿತು, ಮಗು ಹುಟ್ಟಿತು, ವರ್ಷಗಳು ಉರುಳಿದವು, ರೋರಾ ಆಗಲೇ ಇಲ್ಲ. ಊರಿನ ಬಾಯಲ್ಲಿ ಅವಳು ಹೆಂಡತಿ. ಗಂಡ ಸತ್ತ ದಿನ ಅವನ ಅಣ್ಣತಮ್ಮಂದಿರ ಬಾಯಲ್ಲಿ ‘ಯಾರೋ ಹೆಂಗಸು’.

ಸಾವಿನಲ್ಲಿ ರೋರಾದ ಬಾಕಿ ಎರಡೂ ಕಡೆ ಕಡಿಯುತ್ತದೆ. ತನಗಾಗಿ ರೋರಾ ಸಲ್ಲದ ಹೆಂಡತಿ ಸತ್ತರೆ ಅವಳ ತವರಿನವರು ಮಣ್ಣು ಮಾಡಲು ಬಿಡುವುದಿಲ್ಲ. ಮೊದಲು ರೋರಾ ಕೊಡು, ಆಮೇಲೆ ಹೂಳು ಎನ್ನುತ್ತಾರೆ. ಇದಕ್ಕೆ ಕುರೋರಾ ಗುವಾ ಎಂದು ಹೆಸರು, ಸಮಾಧಿಯನ್ನು ಮದುವೆಯಾಗುವುದು. ಹೆಣ ಶವಾಗಾರದಲ್ಲಿ, ಬೀಗರು ಅಂಗಳದಲ್ಲಿ, ಮಕ್ಕಳು ನಡುವೆ. ಬದುಕಿದ್ದಾಗ ಆ ಹೆಂಗಸಿನ ಪರವಾಗಿ ಯಾರೂ ಬಾರದೆ, ಸತ್ತ ಮೇಲೆ ಅವಳ ಹೆಸರಲ್ಲಿ ದುಡ್ಡು ಕೇಳುವ ಈ ರೂಢಿಯನ್ನು ನಾನು ಯಾವ ಸಂಪ್ರದಾಯದ ಹೆಸರಿನಲ್ಲೂ ಸಮರ್ಥಿಸಲಾರೆ.

ಕಾನೂನಿನ ಕಥೆ ನಿಧಾನವಾಗಿ ಸಾಗಿ ಬಂದಿದೆ. 1980ರಲ್ಲಿ ಸ್ವಾತಂತ್ರ್ಯ ಬಂದ ಹೊತ್ತಿಗೂ ಆಫ್ರಿಕನ್ ಹೆಂಗಸು ಪದ್ಧತಿಯ ಕಾನೂನಿನಲ್ಲಿ ಎಂದೆಂದಿಗೂ ಅಪ್ರಾಪ್ತೆ. ಅಪ್ಪನ ಕೈಯಿಂದ ಗಂಡನ ಕೈಗೆ. 1982ರ ಪ್ರಾಪ್ತ ವಯಸ್ಸಿನ ಕಾಯ್ದೆ 18 ತುಂಬಿದ ಎಲ್ಲರನ್ನೂ ವಯಸ್ಕರೆಂದಿತು. 1984ರ ಕಾಟೆಕ್ವೆ ಮತ್ತು ಮುಚಾಬಾಯಿವಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವಯಸ್ಕ ಮಗಳನ್ನು ಕೆಡಿಸಿದ್ದಕ್ಕೆ ಅಪ್ಪ ಪರಿಹಾರ ಕೇಳುವಂತಿಲ್ಲ ಎಂದಿತು. ಹಳ್ಳಿಯ ಹಿರಿಯರಿಗೆ ಸಿಡಿಲು ಬಡಿದಂತಾಯಿತು. 1999ರಲ್ಲಿ ಅದೇ ಕೋರ್ಟು ವೆನಿಯಾ ಮಗಾಯಾ ಪ್ರಕರಣದಲ್ಲಿ ತಿರುಗಿ ನಿಂತು, ಹಿರಿಮಗಳಿದ್ದರೂ ಪದ್ಧತಿಯ ಪ್ರಕಾರ ತಂದೆಯ ವಾರಸುದಾರ ಮಗನೇ ಎಂದಿತು. ಆ ಹೊತ್ತಿಗೆ ವಾರಸಿನ ಕಾಯ್ದೆ ಬದಲಾಗಿತ್ತು. ಆದರೆ ಅದು 1997ರ ನವೆಂಬರ್ 1ರಂದು ಅಥವಾ ಆಮೇಲೆ ತೀರಿಕೊಂಡವರ ಆಸ್ತಿಗೆ ಮಾತ್ರ ಅನ್ವಯ. ಮಗಾಯಾ ಅವರ ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು.

2007ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಸತ್ತವರ ಆತ್ಮ ಶಾಂತಿಗೆ ಹೆಣ್ಣುಮಗುವನ್ನು ಒಪ್ಪಿಸುವುದನ್ನು, ವಿಧವೆಯನ್ನು ಬಲವಂತವಾಗಿ ಮೈದುನನಿಗೆ ಕಟ್ಟುವುದನ್ನು, ಬಾಲ್ಯವಿವಾಹವನ್ನು ಹೆಸರಿಟ್ಟು ದೌರ್ಜನ್ಯವೆಂದಿತು. 2013ರ ಸಂವಿಧಾನದ 80ನೇ ವಿಧಿ, ಹೆಂಗಸರ ಹಕ್ಕು ಮುರಿಯುವ ಯಾವ ಪದ್ಧತಿಯೂ ಅಷ್ಟರ ಮಟ್ಟಿಗೆ ಅಸಿಂಧು ಎಂದಿತು. ಬಾಲ್ಯದಲ್ಲೇ ಮದುವೆಯಾಗಿದ್ದ ಇಬ್ಬರು ಯುವತಿಯರು, ಲವ್‌ನೆಸ್ ಮುಡ್ಜುರು ಮತ್ತು ರುವಿಂಬೊ ತ್ಸೊಪೊಡ್ಜಿ, ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2016ರ ಜನವರಿ 20ರಂದು, 18 ತುಂಬದ ಯಾರಿಗೂ ಮದುವೆಯಿಲ್ಲ ಎಂಬ ತೀರ್ಪು ಪಡೆದರು. ರೋರಾ ಕೊಟ್ಟಿದ್ದೇವೆ ಎಂಬ ಉತ್ತರಕ್ಕೆ ಅಲ್ಲಿಂದ ಬೆಲೆಯಿಲ್ಲ.

2022ರ ವಿವಾಹ ಕಾಯ್ದೆ ಅದೇ ವರ್ಷ ಸೆಪ್ಟೆಂಬರ್ 16ರಿಂದ ಜಾರಿಗೆ ಬಂತು. ಮಸೂದೆ ಸಂಸತ್ತಿನಲ್ಲಿದ್ದಾಗ ಸೆನೆಟ್‌ನಲ್ಲಿರುವ ಸಾಂಪ್ರದಾಯಿಕ ಮುಖ್ಯಸ್ಥರು ರೋರಾ ಕಡ್ಡಾಯವಾಗಲಿ ಎಂದು ಪಟ್ಟು ಹಿಡಿದಿದ್ದರು. ಈ ಕಾಯ್ದೆ ಹಳೆಯ ಎರಡು ಕಾಯ್ದೆಗಳನ್ನು ಒಂದು ಮಾಡಿತು, ಮುಖ್ಯಸ್ಥರಿಗೆ ಪದ್ಧತಿಯ ಮದುವೆ ಮಾಡಿಸುವ ಅಧಿಕಾರ ಕೊಟ್ಟಿತು, ಮದುವೆಯಾಗದೆ ಒಟ್ಟಿಗೆ ಬದುಕಿದವರ ಆಸ್ತಿ ಹಂಚಿಕೆಗೂ ದಾರಿ ಮಾಡಿತು. ಪದ್ಧತಿಯ ಮದುವೆ ಆದ 3 ತಿಂಗಳೊಳಗೆ ನೋಂದಣಿ ಮಾಡಿಸಬೇಕು ಎಂಬುದು ಅದರ ಒಂದು ಮಾತು. ಓದುವವರು ಕಡಿಮೆ, ಮಾಡುವವರು ಇನ್ನೂ ಕಡಿಮೆ.

ಏಕೆ ಮಾಡುವುದಿಲ್ಲ? ಇಲ್ಲಿಗೆ ಬಾಕಿಯ ಮಾತು ವಾಪಸು ಬರುತ್ತದೆ. ‘ರುಸಾಂಬೊ ತೀರಲಿ, ಆಮೇಲೆ ಕಾಗದ’ ಎಂದು ಹೆಣ್ಣಿನ ತಂದೆ ಹೇಳುತ್ತಾನೆ. ಕಾಗದವಾದರೆ ಅಳಿಯ ಬಾಕಿ ಕೊಡದೆ ಕೈತೊಳೆದುಕೊಳ್ಳುತ್ತಾನೆ ಎಂಬ ಭಯ ಅವನಿಗೆ. ರುಸಾಂಬೊ ತೀರುವಂಥದ್ದೇ ಅಲ್ಲ ಎಂದು ಅವನೇ ಹೇಳುತ್ತಾನೆ. ಗಂಡಿನ ಕಡೆ, ಇನ್ನೊಬ್ಬಳನ್ನು ತರುವ ದಾರಿ ತೆರೆದಿಟ್ಟುಕೊಳ್ಳುವ ಲೆಕ್ಕ ಇರುತ್ತದೆ. ಚರ್ಚಿನವರು ‘ಬಿಳಿ ಮದುವೆ ಆದಾಗ ಸರ್ಟಿಫಿಕೇಟ್ ಬರುತ್ತದಲ್ಲ’ ಎನ್ನುತ್ತಾರೆ, ಆ ಮದುವೆಗೆ ದುಡ್ಡು ಕೂಡುವುದಿಲ್ಲ. ಹೀಗೆ ಎಲ್ಲರ ಸಕಾರಣಗಳ ನಡುವೆ ಹೆಣ್ಣಿನ ಕೈ ಖಾಲಿ.

ಖಾಲಿ ಕೈಯಿಂದ ಏನಾಗುತ್ತದೆ ಎಂಬುದು ಗಂಡ ಸತ್ತಾಗ ತಿಳಿಯುತ್ತದೆ. ವಾರಸಿನ ಕಾಯ್ದೆ ವಿಧವೆಯ ಪರವಾಗಿಯೇ ಇದೆ: ಒಬ್ಬಳೇ ಹೆಂಡತಿಯಾದರೆ ಅವಳು ವಾಸವಿದ್ದ ಮನೆ, ಮನೆಯ ಸಾಮಾನು, ಉಳಿದದ್ದರಲ್ಲಿ ಒಂದು ಪಾಲು ಅವಳಿಗೆ, ಮಿಕ್ಕದ್ದು ಮಕ್ಕಳಿಗೆ ಸಮಪಾಲು. ನೋಂದಣಿಯಾಗದ ಪದ್ಧತಿಯ ಮದುವೆಯನ್ನೂ ವಾರಸಿನ ಮಟ್ಟಿಗೆ ಕಾಯ್ದೆ ಮದುವೆಯೆಂದೇ ಒಪ್ಪುತ್ತದೆ. ಆದರೆ ಮದುವೆ ಆಗಿತ್ತು ಎಂದು ತೋರಿಸಬೇಕಲ್ಲ. ಕಾಗದವಿಲ್ಲದ ಕಡೆ ಅಧಿಕಾರಿ ಕೇಳುವುದು ಗಂಡನ ಮನೆಯವರನ್ನೇ. ಅವಳು ಹೆಂಡತಿಯಲ್ಲ ಎಂದರೆ ಮನೆ ಸಿಗುವುದೂ ಅವರಿಗೇ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2017ರಲ್ಲಿ ಜಿಂಬಾಬ್ವೆಯ ವಿಧವೆಯರ ಬಗ್ಗೆ ಹೊರತಂದ ವರದಿ ಇದನ್ನೇ ಪುಟ ಪುಟದಲ್ಲೂ ಹೇಳುತ್ತದೆ. ಬದುಕಿದ್ದಾಗಲೇ ಬಿಟ್ಟರೂ ಕಷ್ಟವೇ: ಪದ್ಧತಿಯ ವಿಚ್ಛೇದನದ ಗುರುತು ಗುಪುರೊ, ಗಂಡ ಹೆಂಡತಿಯ ಕೈಗಿಡುವ ಒಂದು ನಾಣ್ಯ. ಅದನ್ನು ಹಿಡಿದು ಅವಳು ತೆತೆಯ ಮನೆಗೆ ಹೋಗುತ್ತಾಳೆ, ಇಪ್ಪತ್ತು ವರ್ಷ ದುಡಿದ ಹೊಲ ಹಿಂದೆ ಉಳಿಯುತ್ತದೆ.

ಬದಲಾವಣೆ ಹೆಂಗಸರಿಂದಲೇ, ಪದ್ಧತಿಯ ಒಳಗಿನಿಂದಲೂ ಬರುತ್ತಿದೆ. ಒಬ್ಬಂಟಿಯಾಗಿ ಮಗಳನ್ನು ಬೆಳೆಸಿದ ತಾಯಂದಿರು ರೋರಾದ ದಿನ ಮಾತ್ರ ಪ್ರತ್ಯಕ್ಷನಾಗುವ ಅಪ್ಪನಿಗೆ ಹಳೆಯ ನಿಯಮವನ್ನೇ ನೆನಪಿಸುತ್ತಾರೆ: ತಾಯಿಗೆ ರೋರಾ ಕೊಡದವನು ಮಗಳ ರೋರಾ ಉಣ್ಣುವಂತಿಲ್ಲ, ಮೊದಲು ನಿನ್ನ ಅತ್ತೆಮಾವನ ಸಾಲ ತೀರಿಸು. ದುಡಿಯುವ ಹುಡುಗಿಯರು ತಮ್ಮದೇ ರೋರಾಕ್ಕೆ ಗುಟ್ಟಾಗಿ ದುಡ್ಡು ಸೇರಿಸುತ್ತಾರೆ. ಹೊಸ ಸಂಸಾರ ಸಾಲದಿಂದ ಶುರುವಾಗದಿರಲಿ ಎಂದು. ಹುಡುಗ ಇಂಗ್ಲೆಂಡಿನಲ್ಲೋ ಜೋಹಾನ್ಸ್‌ಬರ್ಗ್‌ನಲ್ಲೋ ಇದ್ದರೆ ವಾಟ್ಸಾಪ್ ವಿಡಿಯೋದಲ್ಲಿ ನೋಡುತ್ತಾನೆ, ತಟ್ಟೆ ಮಾತ್ರ ಇಲ್ಲೇ ಇರುತ್ತದೆ. ನಗರದಲ್ಲಿ ಒಂದೇ ಬಗೆಯ ಬಟ್ಟೆ ತೊಟ್ಟ ಗೆಳತಿಯರ ದಂಡು, ಬಾಡಿಗೆ ಶಾಮಿಯಾನ, ಡಿಜೆ ಬಂದಿವೆ. ಅದರ ಖರ್ಚನ್ನು ರೋರಾಕ್ಕಿಂತ ಮೇಲೆ ಏರಿಸಿಕೊಂಡು ನೋಂದಣಿಗೆ ಹೋಗಲು ಮಾತ್ರ ಬಿಡುವಿಲ್ಲದ ಜೋಡಿಗಳನ್ನು ಕಂಡರೆ ಬೇಸರವಾಗುತ್ತದೆ.

ಆ ದಿನವೇ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಖರ್ಚಿಲ್ಲ. ರೋರಾದ ಪಟ್ಟಿಯನ್ನು ಎರಡೂ ಕಡೆಯವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಒಂದು ಪ್ರತಿ ಹೆಣ್ಣಿನ ತಂದೆಗೆ, ಒಂದು ಮುನ್ಯಾಯಿಗೆ. ಮೂರನೆಯ ಪ್ರತಿ ಮದುಮಗಳಿಗೆ ಬೇಕು, ಅದನ್ನು ಕೇಳಬೇಕಾದವಳು ತೆತೆ. ತಾರೀಖು, ಊರು, ಎರಡೂ ಮನೆತನದ ಹೆಸರು ಮತ್ತು ಮುತುಪೋ ಮೊದಲ ಪುಟದಲ್ಲಿ. ಆಮೇಲೆ ಪ್ರತಿ ಸಾಲಿಗೆ ನಾಲ್ಕು ಮನೆ: ಬಾಬ್ತು ಯಾವುದು, ಕೇಳಿದ್ದೆಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು. ದನವಾದರೆ ಬಣ್ಣ, ವಯಸ್ಸು, ಯಾವಾಗ ಬರಬೇಕು ಎಂಬುದೂ ಇರಲಿ. ಉಮಾಯಿ ಹಸು ಬೇರೆ ಪುಟದಲ್ಲಿ, ತಾಯಿಯ ಹೆಸರಿನಡಿ. ಕೊನೆಯಲ್ಲಿ ಮುನ್ಯಾಯಿ, ತೆತೆ, ಗಂಡಿನ ಕಡೆಯ ಒಬ್ಬ ಹಿರಿಯ ಮತ್ತು ಹೆಣ್ಣಿನ ಕಡೆಯ ಒಬ್ಬ ಹಿರಿಯ, ನಾಲ್ವರ ಸಹಿ ಮತ್ತು ಗುರುತಿನ ಚೀಟಿ ಸಂಖ್ಯೆ. ಗಂಡಿನ ಕಡೆಯ ಸಹಿ ಬಹಳ ಮುಖ್ಯ, ಮುಂದೊಂದು ದಿನ ಮದುವೆಯೇ ಆಗಿರಲಿಲ್ಲ ಎನ್ನುವವರು ಆ ಕಡೆಯಿಂದಲೇ ಬರುತ್ತಾರೆ. ಸಹಿ ಹಾಕಿಸುವ ಹೊತ್ತು ಕೊನೆಯ ಸಾಲೂ ಮುಗಿದ ಮೇಲೆ, ಊಟಕ್ಕೆ ಮುಂಚೆ. ಊಟವಾದ ಮೇಲೆ ಹಿರಿಯರು ಬಿಯರಿನ ಗಡಿಗೆ ಸುತ್ತ ಕೂತರೆ ಏಳುವುದಿಲ್ಲ. ಹಾಗೆಯೇ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದು ತಂಗಿಗೊಂದು, ತೆತೆಗೊಂದು ಕಳಿಸಿಡಬೇಕು. 3 ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕಚೇರಿಗೆ ಹೋಗುವಾಗ ಇದೇ ಪುಸ್ತಕ, ಇಬ್ಬರ ಗುರುತಿನ ಚೀಟಿ, ಜೊತೆಗೆ ಸಾಕ್ಷಿಯಾಗಿ ತೆತೆ.